ಒಣಗಿದ ರಾಗಿ ಸರಿಯನ್ನು ಕೆರೆಯಬೇಡಿ, ನೆನೆಸಿ

ಚಿಕ್ಕ ಮಕ್ಕಳಿರುವ ಮನೆಯವರಿಗೆಲ್ಲ ಇದನ್ನು ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಮಗು ತಿಂಡಿ ತಿಂದ ಜಾಗವನ್ನು ಹಾಗೇ ಬಿಟ್ಟು ಎದ್ದು ಹೋಗಬೇಡಿ. ಪೂರ್ತಿ ಒರೆಸುವಷ್ಟು ಟೈಮ್ ಇಲ್ವಾ, ಪರವಾಗಿಲ್ಲ. ಒಂದು ಒದ್ದೆ ಬಟ್ಟೆಯನ್ನಾದರೂ ಅದರ ಮೇಲೆ ಹಾಸಿ ಹೋಗಿ. ಆಮೇಲೆ ಒರೆಸಲು ಬರುವವರ ಭುಜ, ಮಂಡಿ ಎರಡೂ ಉಳಿಯುತ್ತವೆ.

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ಚಿಕ್ಕವನಿಗೆ ಬೆಳಗ್ಗೆ ರಾಗಿ ಸರಿ. ದೊಡ್ಡವಳಿಗೆ ಒಂದು ದಿನ ಉಪ್ಪಿಟ್ಟು, ಒಂದು ದಿನ ಹಾಲು ಹಾಕಿದ ಕಾರ್ನ್‌ಫ್ಲೇಕ್ಸ್. ಅರ್ಧ ಹೊಟ್ಟೆಗೆ ಹೋಗುತ್ತದೆ. ಇನ್ನರ್ಧ ಕುರ್ಚಿಯ ಸಂದಿ, ಟೇಬಲ್ಲಿನ ಕಾಲು, ಟೈಲ್ಸ್, ಗೋಡೆ, ತಲೆಗೂದಲು ಎಲ್ಲ ಕಡೆ. ಬಿದ್ದ ಕೂಡಲೇ ಒರೆಸಿದರೆ ಒಂದೇ ಕೈಗೆ ಹೋಗುತ್ತದೆ. ಒಂದೆರಡು ಗಂಟೆ ಬಿಟ್ಟರೆ ಉಗುರು ಹಾಕಿದರೂ ಏಳುವುದಿಲ್ಲ.

ಯಾಕೆ ಹೀಗೆ ಅಂದರೆ, ರಾಗಿ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ನೀರಿನಲ್ಲಿ ಕುದಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಒಡೆಯುತ್ತವೆ, ಸರಿ ಗಟ್ಟಿಯಾಗುತ್ತದೆ. ಆ ನೀರು ಆರಿಹೋದರೆ ಉಳಿಯುವುದು ಬರೀ ಅಂಟು. ಪೋಸ್ಟರ್ ಅಂಟಿಸುವವರು ಮೈದಾ ಕುದಿಸಿಕೊಳ್ಳುವುದು ಇದಕ್ಕೇ. ಹಾಲು ಸೇರಿದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನಿನಿಂದ ಹಿಂದೆ ಮರದ ಕೆಲಸಕ್ಕೆ ಗೋಂದು ಮಾಡುತ್ತಿದ್ದರು.

ಹಾಗಾಗಿ ಇಲ್ಲಿ ಬಲ ಹಾಕಿ ಪ್ರಯೋಜನ ಇಲ್ಲ. ಹೋದ ನೀರು ಮತ್ತೆ ಒಳಗೆ ಇಳಿಯಬೇಕು, ಅದಕ್ಕೆ ಹೊತ್ತು ಬೇಕು. ರಾಗಿ ಸರಿ ಮಾಡಿದ ಪಾತ್ರೆಗೆ ನೀರು ಹಾಕಿಡುವುದು ನಮಗೆಲ್ಲ ಗೊತ್ತು, ಅಲ್ವಾ? ನೆಲದ ವಿಷಯಕ್ಕೆ ಬಂದರೆ ಮಾತ್ರ ಅದನ್ನು ಮರೆತು ಸ್ಟೀಲ್ ಸ್ಕ್ರಬ್ಬರ್ ಹುಡುಕುತ್ತೇವೆ.

ನಾನು ಮಾಡುವುದು ಇಷ್ಟು. ಹಳೇ ಕಾಟನ್ ಬನಿಯನ್ನೋ ಪಂಚೆಯ ತುಂಡನ್ನೋ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಪೂರ್ತಿ ಹಿಂಡದೆ ಕಲೆಯ ಮೇಲೆ ಹಾಸುತ್ತೇನೆ. ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಗೋಡೆಗಾದರೆ ಒತ್ತಿ ಹಿಡಿಯಬೇಕು, ಇಲ್ಲವೇ ಎರಡು ಮೂರು ಸಲ ನೀರು ಸವರಬೇಕು. ಆಮೇಲೆ ಅದೇ ಬಟ್ಟೆಯಿಂದ ಒರೆಸಿದರೆ ಹೆಚ್ಚುಕಮ್ಮಿ ಎಲ್ಲ ಬಂದುಬಿಡುತ್ತದೆ. ಸಂದಿಯಲ್ಲಿ ಉಳಿದದ್ದಕ್ಕೆ ಹಳೇ ಟೂತ್ ಬ್ರಷ್. ಹಾಲು ಸೇರಿದ್ದರೆ ಕುದಿಯುವ ನೀರು ಸುರಿಯಬೇಡಿ, ಬಿಸಿಗೆ ಹಾಲಿನ ಪ್ರೋಟೀನ್ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಾರ್ಬಲ್ ನೆಲಕ್ಕೆ ನಿಂಬೆಹಣ್ಣು, ವಿನೆಗರ್ ಬೇಡವೇ ಬೇಡ. ಹುಳಿ ಆ ಕಲ್ಲನ್ನೇ ತಿನ್ನುತ್ತದೆ. ಹಳೇ ರೆಡ್ ಆಕ್ಸೈಡ್ ನೆಲ ಇರುವವರು ಚಾಕುವಿನಿಂದ ಕೆರೆದರೆ ಆ ಗೀರು ಶಾಶ್ವತ. ಕೆದಕಿ ತೆಗೆದ ಗಸಿಯನ್ನು ಸಿಂಕಿಗೆ ಬಿಡಬೇಡಿ. ಪೈಪಿನೊಳಗೂ ಅದು ಅಂಟೇ. ಹಸಿ ಕಸಕ್ಕೆ ಹಾಕಿ.

ಇದನ್ನು ಬರೆಯಲು ಕೂತದ್ದು ಬರೀ ಕ್ಲೀನಿಂಗ್ ಟಿಪ್ಸ್ ಕೊಡಲಿಕ್ಕಲ್ಲ. ಎಷ್ಟೋ ಮನೆಗಳಲ್ಲಿ ಎಂಟು ಗಂಟೆಗೆ ಚೆಲ್ಲಿದ್ದು ಹನ್ನೊಂದರವರೆಗೆ ಹಾಗೇ ಇರುತ್ತದೆ. ಕೆಲಸದವರು ಬರುತ್ತಾರಲ್ಲ ಅನ್ನುವ ಲೆಕ್ಕ. ಬರುವ ಹೆಂಗಸು ಅಷ್ಟೊತ್ತಿಗೆ ಎರಡು ಮನೆ ಮುಗಿಸಿರುತ್ತಾರೆ. ಮುಂದೆ ಇನ್ನೂ ಎರಡು ಮನೆ ಇರುತ್ತದೆ. ಅವರಿಗೆ ಸಂಬಳ ಇಷ್ಟು ರೂಮು ಒರೆಸಲು ಇಷ್ಟು ಅಂತ. ಮಂಡಿಯೂರಿ ಕೂತು ಕೆರೆಯುವ ಆ ಹೆಚ್ಚಿನ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅದರ ಮೇಲೆ ಮುಂದಿನ ಮನೆಯಲ್ಲಿ ಲೇಟಾಯಿತು ಅಂತ ಬೈಗುಳ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ಕಾನೂನು ಬಂದು ಇಷ್ಟು ವರ್ಷ ಆದರೂ ಅವರ ಹೊತ್ತಿಗೆ ಬೆಲೆ ಇದೆ ಅನ್ನುವುದು ನಮ್ಮ ಡೈನಿಂಗ್ ಟೇಬಲ್ಲಿನ ತನಕ ಬಂದಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಕೆಲಸದವರಿಲ್ಲದ ಮನೆಯಲ್ಲಿ ಅದೇ ಜಾಗಕ್ಕೆ ಅಮ್ಮನೋ ಅಜ್ಜಿಯೋ ಬರುತ್ತಾರೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂತು. ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ಆ 299 ನಿಮಿಷದೊಳಗೆ ಇಂಥ ಒಣಗಿದ ಕಲೆಗಳೂ ಸೇರಿವೆ.

ಹಾಗಾದರೆ ಮಗುವಿನ ಕೈಗೆ ಬಟ್ಟಲೇ ಕೊಡಬೇಡಿ, ಮೊಬೈಲ್ ತೋರಿಸಿ ನೀವೇ ತಿನ್ನಿಸಿ, ಗಲೀಜೇ ಆಗಲ್ಲ ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ತಾನೇ ಮುಟ್ಟಿ, ಹಿಸುಕಿ, ಬಾಯಿಗೆ ಇಟ್ಟುಕೊಂಡರೇನೇ ಮಗು ತಿನ್ನಲು ಕಲಿಯುವುದು. ಸಾಕು ಅನ್ನಿಸಿದಾಗ ನಿಲ್ಲಿಸುವುದನ್ನೂ ಹಾಗೇ ಕಲಿಯುತ್ತದೆ. ಚೆಲ್ಲುವುದು ಮಗುವಿನ ಕೆಲಸ. ಒಣಗಲು ಬಿಡುವುದು ದೊಡ್ಡವರ ಸೋಮಾರಿತನ. ಇವೆರಡನ್ನೂ ಬೆರೆಸಿ ಮಗುವಿಗೆ ಬೈಯಬೇಡಿ.

ರಾಗಿಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿಯ ಸರಿ ತೆಳ್ಳಗಿರುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಎಂಜೈಮ್ ಪಿಷ್ಟವನ್ನು ಕತ್ತರಿಸುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಇನ್ನಷ್ಟು ಹಿಟ್ಟು ಹಿಡಿಯುತ್ತದೆ, ಚಿಕ್ಕ ಹೊಟ್ಟೆಗೆ ಜಾಸ್ತಿ ಸತ್ವ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಶಿಶು ಆಹಾರ ಮಾಡಿದ್ದು ಇದೇ ತಿಳಿವಳಿಕೆಯಿಂದ. ಕೆಲವು ಬಟ್ಟೆ ಒಗೆಯುವ ಪೌಡರುಗಳಲ್ಲೂ ಅಮೈಲೇಸ್ ಇರುತ್ತದೆ. ಮಗುವಿನ ಅಂಗಿಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಅಂಥ ಪೌಡರು ಹಾಕಿದರೆ ಉಜ್ಜುವ ಕೆಲಸ ಎಷ್ಟೋ ಕಡಿಮೆ.

ಇನ್ನು, ಆ ಒದ್ದೆ ಬಟ್ಟೆಯನ್ನು ಯಾರು ಹಾಸಬೇಕು? ಟೇಬಲ್ಲಿನಿಂದ ಕೊನೆಗೆ ಎದ್ದವರು. ಅಪ್ಪ ಆಗಲಿ, ತಾತ ಆಗಲಿ, ಮನೆಗೆ ಬಂದ ಚಿಕ್ಕಪ್ಪ ಆಗಲಿ. ಆಫೀಸಿಗೆ ಲೇಟಾಯಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಅರ್ಧ ನಿಮಿಷದ ಕೆಲಸ. ಮೂರು ವರ್ಷ ದಾಟಿದ ಮಗುವಿಗೂ ಒಂದು ಪುಟ್ಟ ಬಟ್ಟೆ ಕೊಡಿ. ಗಂಡು ಮಗುವಾದರೆ ಖಂಡಿತ ಕೊಡಿ. ಅವನು ಒರೆಸಿ ಆ ಕಡೆ ಹೋದಮೇಲೆ ಇನ್ನೊಂದು ಸಲ ನೀವು ಒರೆಸಬೇಕಾಗುತ್ತದೆ. ಒರೆಸಿ.