ಪಂಪಿಗೆ ಎರಡು ಬಡ್ತಿ

ನಡುಗಿದ್ದಕ್ಕೆ ಬಡ್ತಿ ಸಿಕ್ಕಿದ ನೌಕರನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹೆಸರು ಪಂಪ್ ನಂಬರ್ 2. ನಾಲ್ಕು ತಿಂಗಳಲ್ಲಿ ಎರಡು ಬಡ್ತಿ, ಅದೂ ಇಲಾಖಾ ಪರೀಕ್ಷೆ ಬರೆಯದೆ, ಯಾರ ಶಿಫಾರಸೂ ಹಿಡಿಸದೆ.

ಯಾವ ಪಂಪ್‌ಹೌಸು ಎಂದು ಕೇಳಬೇಡಿ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವಾಗ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಎಂದು ಸೇತುವೆ ಎಣಿಸುತ್ತ ಬನ್ನಿ, ನಮ್ಮಲ್ಲಿ ಹೊಳೆಗೇನೂ ಬರವಿಲ್ಲ. ಅಂಥ ಯಾವುದೋ ಹೊಳೆಯ ಬದಿಯಲ್ಲಿ, ಉಪ್ಪುನೀರು ಏರಿ ಬಾರದಷ್ಟು ಮೇಲೆ, ಹೆಂಚಿನ ಮಾಡಿನ ಒಂದು ಕಟ್ಟಡ. ಒಳಗೆ ಮೂರು ಪಂಪು. ಒಂದು ಓಡುತ್ತದೆ, ಒಂದು ನಡುಗುತ್ತದೆ, ಮೂರನೆಯದರ ಸಾಮಾನು ಬಿಚ್ಚಿ ಉಳಿದೆರಡಕ್ಕೆ ಹಾಕಿ ಆಗಿದೆ.

ನನ್ನ ಕಸುಬು ಯಂತ್ರದ ನಾಡಿ ನೋಡುವುದು. ಬೈಕಂಪಾಡಿ ಕಡೆಯ ಕಾರ್ಖಾನೆಗಳಿಗೆ ಬ್ಯಾಗು ಹೆಗಲಿಗೇರಿಸಿ ಹೋಗುತ್ತೇನೆ. ಬ್ಯಾಗಿನಲ್ಲಿ ಒಂದು ಮೀಟರು, ಒಂದು ಸುರುಳಿ ವೈರು, ವೈರಿನ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಸೆನ್ಸರು, ಸೆನ್ಸರಿನ ಬುಡಕ್ಕೆ ಅಯಸ್ಕಾಂತ. ತಿರುಗುವ ಶಾಫ್ಟನ್ನು ಹೊತ್ತುಕೊಳ್ಳುವ ಬೇರಿಂಗ್ ಕೂತಿರುವ ಜಾಗದ ಮೇಲೆಯೇ ಅದನ್ನು ಅಂಟಿಸಬೇಕು. ಅಡ್ಡಕ್ಕೊಮ್ಮೆ, ನೆಟ್ಟಗೊಮ್ಮೆ, ಶಾಫ್ಟಿನ ಉದ್ದಕ್ಕೊಮ್ಮೆ. ಆಗ ಪರದೆಯ ಮೇಲೆ ಗೀಟುಗಳು ಏಳುತ್ತವೆ, ಸೆಕೆಂಡಿಗೆ ಎಷ್ಟು ಸಲದ ನಡುಕವೋ ಆ ಜಾಗದಲ್ಲಿ. ತಿರುಗುವ ವೇಗದಲ್ಲೇ ಒಂದು ಗೀಟು ಎತ್ತರ ಎದ್ದರೆ ತೂಕ ಒಂದು ಬದಿಗೆ ವಾಲಿದೆ ಎಂದು ಮೊದಲ ಅನುಮಾನ. ಆ ವೇಗದ ಎರಡು ಪಟ್ಟಿನಲ್ಲಿ ಎದ್ದರೆ ಮೋಟಾರು, ಪಂಪು ಒಂದೇ ಗೆರೆಯಲ್ಲಿಲ್ಲ. ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಮದುವೆಗೆ ಹೊರಟ ಹಾಗೆ. ಒಂದು, ಎರಡು, ಮೂರು, ನಾಲ್ಕು ಎಂದು ಪಟ್ಟುಗಳ ಸಾಲೇ ನಿಂತರೆ ಎಲ್ಲೋ ಬೋಲ್ಟು ಸಡಿಲ. ಯಾವ ಪೂರ್ತಿ ಲೆಕ್ಕಕ್ಕೂ ಸಿಗದೆ ಮೂರು ಚಿಲ್ಲರೆ ಪಟ್ಟಿನಲ್ಲಿ ಒಂದು ಗೀಟು ಕಂಡರೆ ಬೇರಿಂಗಿನ ಹೊರಬಳೆಗೆ ಗುಳಿ ಬಿದ್ದಿದೆ, ಒಳಗಿನ ಗುಂಡುಗಳು ಒಂದರ ಹಿಂದೊಂದು ಅದಕ್ಕೆ ಬಿದ್ದು ಏಳುತ್ತಿವೆ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಯಲ್ಲಿ ಸಿಟಿ ಬಸ್ಸುಗಳ ಚಕ್ರ ಮಾಡುವ ಕೆಲಸ ಅದೇ.

ಎಷ್ಟು ನಡುಗಿದರೆ ಅಪಾಯ ಎಂಬುದಕ್ಕೆ 1939ರಲ್ಲೇ ಒಂದು ಚಾರ್ಟು ಮಾಡಿ ಪ್ರಕಟಿಸಿದವನು ಟಿ.ಸಿ. ರಾತ್‌ಬೋನ್ ಎಂಬ ಅಮೆರಿಕದ ಎಂಜಿನಿಯರು. ಅವನಿಗೆ ಸಂಬಳ ಕೊಡುತ್ತಿದ್ದದ್ದು ವಿಮಾ ಕಂಪನಿ. ಇದನ್ನು ಗಮನಿಸಿ. ಯಂತ್ರ ಮುರಿದರೆ ಯಾರ ಕಿಸೆಯಿಂದ ದುಡ್ಡು ಹೋಗುತ್ತದೋ ಅವರಿಗೇ ಅದರ ನಡುಕದ ಮೇಲೆ ಮೊದಲು ಪ್ರೀತಿ ಹುಟ್ಟಿದ್ದು. ಮಲ್ಪೆಯಲ್ಲಿ ನಾನು ಹೋಗುವ ಒಂದು ಐಸ್ ಪ್ಲಾಂಟಿನ ಧಣಿಗೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ, ಗೊತ್ತಿಲ್ಲ, ಗೀಟೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಅವರ ಕಂಪ್ರೆಸರ್ ಮೋಟಾರು ಬಿಚ್ಚಲಿಕ್ಕೆ ಇರುವುದು ಅಷ್ಟೇ ಸಮಯ. ಮೇ ಕೊನೆಗೆ ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳುತ್ತಾರೆ: “ಬಿಚ್ಚುವುದಾ, ಬಿಡುವುದಾ?” ನಾನು ಬಿಚ್ಚಿ ಎಂದರೆ ಸಂಜೆಯೊಳಗೆ ಸ್ಪ್ಯಾನರ್ ಬಿದ್ದಿರುತ್ತದೆ. ಆಗಸ್ಟಿನಲ್ಲಿ ಮೀನು ಬಂದು ಐಸ್ ಇಲ್ಲದಿದ್ದರೆ ಯಂತ್ರದ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡು ನೋಡಬೇಕಾಗಿಲ್ಲ, ಬಂದರಿಗೆ ಹೋಗಿ ಮೂಗು ಅರಳಿಸಿದರೆ ಸಾಕು.

ಪಂಪ್‌ಹೌಸಿಗೆ ಡ್ಯಾಶ್‌ಬೋರ್ಡು ಬಂತು. ಒಳ್ಳೆಯ ಸೆನ್ಸರುಗಳೇ, ವೈರ್‌ಲೆಸ್ಸು, ನಾನು ದೂರುವುದಿಲ್ಲ. ಉದ್ಘಾಟನೆಯ ಹಿಂದಿನ ದಿನ ಕಟ್ಟಡಕ್ಕೂ ಪಂಪಿಗೂ ಒಟ್ಟಿಗೆ ಪೇಂಟು ಹೊಡೆದರು. ಬೇರಿಂಗಿನ ಮೇಲಿದ್ದ ಸೆನ್ಸರು ಫೋಟೋದಲ್ಲಿ ಕಾಣುವುದಿಲ್ಲ ಎಂದು ಯಾರಿಗೋ ಹೊಳೆದು, ಅದನ್ನು ಕಿತ್ತು ಮೋಟಾರಿನ ಹಿಂಬದಿಯ ಫ್ಯಾನಿನ ತಗಡು ಮುಚ್ಚಳದ ಮೇಲೆ ಅಂಟಿಸಿದರು. ತಗಡು ಎಂದ ಮೇಲೆ ಕೇಳಬೇಕೇ, ಚೆಂಡೆಯ ಹಾಗೆ ಬಡಿದುಕೊಳ್ಳುತ್ತದೆ. ಮುಖ್ಯ ಅತಿಥಿಗಳು ಗುಂಡಿ ಒತ್ತಿದ ತಕ್ಷಣ ಗೋಡೆಯ ಟೀವಿಯಲ್ಲಿ ಮೂರೂ ಪಂಪು ಕೆಂಪಾದವು. ಸಾಮಾನು ಬಿಚ್ಚಿಟ್ಟಿದ್ದ ಮೂರನೆಯದೂ. ಅದು ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. “ಇದು ಭೂಕಂಪ ಆಗುವ ಮೊದಲು ಹೇಳ್ತದಾ?” ಎಂದು ಅತಿಥಿಗಳು ಕೇಳಿದರು. ಹೇಳ್ತದೆ ಎಂದರು ಸಾಹೇಬರು. ಸಿಯಾಳ ಕುಡಿದು, ಗೋಳಿಬಜೆ ತಿಂದು ಸಭೆ ಮುಗಿಯಿತು.

ಆಮೇಲೆ ಸೆನ್ಸರುಗಳು ತಮ್ಮ ಜಾಗಕ್ಕೆ ಮರಳಿದವು, ಹೊಸ ಪೇಂಟು ಕೆರೆಯುವ ಕೆಲಸವೂ ನಡೆಯಿತು. ತಿಂಗಳಿಗೊಮ್ಮೆ ಕೈಮೀಟರಿನಲ್ಲಿ ತಾಳೆ ನೋಡಲಿಕ್ಕೆ ನನ್ನನ್ನು ಗೊತ್ತುಮಾಡಿದ್ದರಿಂದ ಇಷ್ಟೆಲ್ಲ ನನಗೆ ಗೊತ್ತು. ಮೊದಲ ತಿಂಗಳು ಪಂಪ್ ನಂಬರ್ 2ರ ಓದು, ಅಂದರೆ ನಡುಕದ ವೇಗ, ಸೆಕೆಂಡಿಗೆ 9.4 ಮಿಲಿಮೀಟರ್.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮುಂದಿನ ಬಡ್ತಿಯೆಲ್ಲ ಇದರ ಮೇಲೆ ನಿಂತಿದೆ. ಯಂತ್ರದ ನಡುಕ ಅಳೆಯಲಿಕ್ಕೆ ಐಎಸ್‌ಒ 10816 ಎಂಬ ಒಂದು ಅಂತಾರಾಷ್ಟ್ರೀಯ ಮಾನದಂಡ ಉಂಟು. 2016ರಲ್ಲಿ ಅದರ ಮೊದಲ ಭಾಗದ ಜಾಗಕ್ಕೆ 20816 ಬಂತು, ಆದರೆ ಗೋಡೆಗೆ ಅಂಟಿಸಿದ ಹಳೆಯ ಚಾರ್ಟನ್ನು ಯಾರೂ ಕೀಳಲಿಲ್ಲ. ಅದರಲ್ಲಿ ಯಂತ್ರಗಳಿಗೆ ನಾಲ್ಕು ದರ್ಜೆ. 15 ಕಿಲೋವ್ಯಾಟಿನವರೆಗೆ ಒಂದನೇ ದರ್ಜೆ, 15ರಿಂದ 75ರವರೆಗೆ ಎರಡನೇ ದರ್ಜೆ. ಭಾರೀ ಯಂತ್ರಗಳು ಅಲುಗದ ಅಡಿಪಾಯದ ಮೇಲಿದ್ದರೆ ಮೂರನೇ ದರ್ಜೆ, ಮೆತ್ತನೆಯ ಅಡಿಪಾಯದ ಮೇಲಿದ್ದರೆ ನಾಲ್ಕನೇ ದರ್ಜೆ. ಪ್ರತಿ ದರ್ಜೆಯಲ್ಲೂ ಎ, ಬಿ, ಸಿ, ಡಿ ಎಂದು ವಲಯ. ಎ ಎಂದರೆ ಹೊಸ ಮದುಮಗ, ಡಿ ಎಂದರೆ ಈಗಲೇ ನಿಲ್ಲಿಸಿ. ಡಿ ಶುರುವಾಗುವುದು ಎರಡನೇ ದರ್ಜೆಗೆ 7.1ರಲ್ಲಿ, ಮೂರನೆಯದಕ್ಕೆ 11.2ರಲ್ಲಿ, ನಾಲ್ಕನೆಯದಕ್ಕೆ 18ರಲ್ಲಿ. ಯಂತ್ರ ದೊಡ್ಡದಾದಷ್ಟೂ ಅದರ ನಡುಕಕ್ಕೆ ವಿನಾಯಿತಿ ಜಾಸ್ತಿ. ಮನುಷ್ಯರಲ್ಲೂ ಹಾಗೇ ಅಲ್ಲವೇ, ಬಿಡಿ.

ನಮ್ಮ ಪಂಪಿನದ್ದು 75 ಎಚ್‌ಪಿ ಮೋಟಾರು, ಅಂದರೆ 55 ಕಿಲೋವ್ಯಾಟು. ಎರಡನೇ ದರ್ಜೆ. 9.4 ಎಂದರೆ ಡಿ. ಮೂರು ಚಿಲ್ಲರೆಯ ಗೀಟೂ ಎದ್ದು ಕಾಣುತ್ತಿತ್ತು. “ಬೇರಿಂಗ್ ಬದಲಿಸಿ, ಅಡಿಪಾಯದ ಬೋಲ್ಟು ಬಿಗಿಮಾಡಿ” ಎಂದು ಬರೆದು ಕೊಟ್ಟೆ.

ಅದನ್ನು ಬರೆಯುವ ಮೊದಲೇ ಆಪರೇಟರಣ್ಣ ನನಗೆ ಹೇಳಿ ಆಗಿತ್ತು. ಅವರದ್ದು ಸ್ಕ್ರೂಡ್ರೈವರು. ತುದಿಯನ್ನು ಬೇರಿಂಗಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಒರಗಿಸಿ, ಕಣ್ಣು ಮುಚ್ಚುತ್ತಾರೆ. ಹಿಡಿಯ ಹಳದಿ ಬಣ್ಣ ಕಿವಿಯ ಎಣ್ಣೆಗೆ ಕಂದಾಗಿದೆ. “ಇದು ಹೋಯ್ತು ಮಾರ್ರೆ. ಒಳಗೆ ಯಾರೋ ಗೆರಸೆಯಲ್ಲಿ ಕುಚ್ಚಲಕ್ಕಿ ಕೇರ್ತಾ ಇದ್ದಾರೆ.” ಬೇರಿಂಗ್ ಸಾಯುವುದಕ್ಕೂ ಒಂದು ಕ್ರಮ ಉಂಟು. ಮೊದಲು ನಮ್ಮ ಕಿವಿಗೆ ನಿಲುಕದ ಎತ್ತರದಲ್ಲಿ ಪಿಸುಗುಟ್ಟುತ್ತದೆ, ಅದು ಒಳ್ಳೆಯ ಸೆನ್ಸರಿಗೆ ಮಾತ್ರ ಕೇಳುತ್ತದೆ. ಆಮೇಲೆ ಗೀಟು ಏಳುತ್ತದೆ. ಆಮೇಲೆ ಅಕ್ಕಿ ಕೇರಿದ ಸದ್ದು. ಆಮೇಲೆ ಮುಟ್ಟಿದರೆ ಕೈ ಸುಡುತ್ತದೆ, ಕೊನೆಗೆ ಹೊಗೆ. ಪಿಸುಮಾತಿಗೂ ಹೊಗೆಗೂ ನಡುವೆ ವಾರಗಳೋ ತಿಂಗಳುಗಳೋ ಸಿಗುತ್ತವೆ. ಲಕ್ಷಗಟ್ಟಲೆ ಸುರಿದು ಸೆನ್ಸರು ಹಾಕುವುದೇ ಆ ಸಮಯವನ್ನು ಕೊಂಡುಕೊಳ್ಳಲಿಕ್ಕೆ. ನಾವು ಕೊಂಡುಕೊಂಡೆವು. ಅದರಲ್ಲಿ ಫೈಲು ಮಾಡಿದೆವು.

ಸಾಹೇಬರು ನನ್ನ ವರದಿ ಓದುವಾಗ ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಅದಕ್ಕೆ ಮಧ್ಯಾಹ್ನದೊಳಗೆ ಎಲೆಕ್ಟ್ರಿಷಿಯನ್ ಬಂದ, ಯಾವ ವಲಯದ ಚರ್ಚೆಯೂ ಇಲ್ಲದೆ. ಪಂಪಿನ ವಿಷಯಕ್ಕೆ ಬಂದಾಗ ಮಾತ್ರ ಅವರ ಮುಖ ನಿಜವಾಗಿಯೂ ಸಣ್ಣದಾಯಿತು. “ನೋಡಿ, ಸೆನ್ಸರಿಗೆ ಹೆಡ್ ಉಂಟು. ಬೇರಿಂಗಿಗೆ ಹೆಡ್ ಇಲ್ಲ.” ಹೆಡ್ ಎಂದರೆ ಲೆಕ್ಕಶೀರ್ಷಿಕೆ. ಡಿಜಿಟಲ್ ಎಂಬ ಹೆಡ್ಡಿನಲ್ಲಿ ದುಡ್ಡು ತುಂಬಿ ತುಳುಕುತ್ತಿದೆ, ಇನ್ನೂ ಹನ್ನೆರಡು ಸೆನ್ಸರು ಬೇಕಾದರೆ ನಾಳೆಯೇ ಬರುತ್ತದೆ. ದುರಸ್ತಿ ಹೆಡ್ಡು ಜನವರಿಗೇ ಖಾಲಿ. ಬೇರಿಂಗಿನ ಬೆಲೆ ಕೆಲವು ಸಾವಿರ. ಅದನ್ನು ಡಿಜಿಟಲ್ ಹೆಡ್ಡಿನಲ್ಲಿ ತರಬೇಕಾದರೆ ಬೇರಿಂಗಿಗೆ ವೈಫೈ ಇರಬೇಕು. ನಾನೂ ಬಾಯಿ ಮುಚ್ಚಿದೆ, ನನ್ನ ಬಿಲ್ಲು ಪಾಸಾಗುವುದೂ ಅದೇ ಡಿಜಿಟಲ್ ಹೆಡ್ಡಿನಿಂದ.

ಆದರೆ ಟೀವಿಯಲ್ಲಿ ಕೆಂಪು ಇರುವ ಹಾಗಿಲ್ಲ. ಮೇಲಿನವರು ನೋಡುತ್ತಾರೆ. ಕನ್ಸಲ್ಟೆಂಟನ್ನು ಕರೆಸಿದರು. ಕುತ್ತಿಗೆಯಲ್ಲಿ ಐಡಿ ಕಾರ್ಡು ತೂಗಿಕೊಂಡ ಚುರುಕು ಹುಡುಗ. ಚಾರ್ಟನ್ನು ಐದು ನಿಮಿಷ ನೋಡಿದವನೇ ಒಂದು ಪ್ರಶ್ನೆ ಹಾಕಿದ: “ಈ ಪಂಪಿನ ಕೆಳಗೆ ಕಾಂಕ್ರೀಟ್ ಉಂಟಲ್ಲ ಸರ್?” ಉಂಟು. “ಹಾಗಾದರೆ ಅಲುಗದ ಅಡಿಪಾಯ. ಮೂರನೇ ದರ್ಜೆ.” ಅಡಿಪಾಯ ನೋಡಿದ, ಯಂತ್ರ ಭಾರೀ ಹೌದೋ ಎಂದು ನೋಡಲಿಲ್ಲ. ಸಾಫ್ಟ್‌ವೇರಿನಲ್ಲಿ ಎರಡನ್ನು ಅಳಿಸಿ ಮೂರು ಒತ್ತಿದ. 11.2ರ ಕೆಳಗಿರುವ 9.4 ಸಿ ವಲಯಕ್ಕೆ ಬಂತು, ಕೆಂಪು ಹಳದಿಯಾಯಿತು. ಚಹಾ ತರಿಸಿದರು. ಇದು ಮೊದಲನೇ ಬಡ್ತಿ.

ಪಂಪಿಗೆ ಆದೇಶದ ಪ್ರತಿ ತಲುಪಿರಲಿಕ್ಕಿಲ್ಲ. ಮುಂದಿನೆರಡು ತಿಂಗಳಲ್ಲಿ ನಡುಕ 12.8ಕ್ಕೆ ಏರಿತು. ಪಕ್ಕದಲ್ಲಿ ನಿಂತರೆ ಚಪ್ಪಲಿಯೊಳಗೆ ಪಾದ ಜುಮುಜುಮು ಎನ್ನುತ್ತಿತ್ತು. ಅಡಿಪಾಯದ ನಾಲ್ಕು ಬೋಲ್ಟಿನಲ್ಲಿ ಒಂದನ್ನು ಆಪರೇಟರಣ್ಣ ಬರಿ ಕೈಯಲ್ಲಿ ತಿರುಗಿಸಿ ತೋರಿಸಿದರು. ಟೀವಿ ಮತ್ತೆ ಕೆಂಪು. ಕನ್ಸಲ್ಟೆಂಟ್ ಮತ್ತೆ ಬಂದ. ಬೋಲ್ಟು ಸಡಿಲ ಎಂದು ನಾನು ಹೇಳಿದ್ದೇ ತಡ, ಅವನ ಮುಖ ಅರಳಿತು.

“ಅಂದರೆ ಅಡಿಪಾಯ ಈಗ ಮೆತ್ತಗಾಗಿದೆ!”

ಮೆತ್ತನೆಯ ಅಡಿಪಾಯ, ನಾಲ್ಕನೇ ದರ್ಜೆ. ಮಿತಿ 18. ಆ ದರ್ಜೆಗೆ ಮಾನದಂಡ ಕೊಡುವ ಉದಾಹರಣೆ 10 ಮೆಗಾವ್ಯಾಟ್ ಮೀರಿದ ಟರ್ಬೈನುಗಳದ್ದು. ಯಂತ್ರ ಶಿಥಿಲವಾದಷ್ಟೂ ದರ್ಜೆ ಏರುವ ಈ ದಾರಿಯನ್ನು ಮಾನದಂಡ ಬರೆದವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಹೀಗೆ ನಮ್ಮ 55 ಕಿಲೋವ್ಯಾಟಿನ ಪಂಪು ತನಗಿಂತ 180 ಪಟ್ಟು ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿತು. ಟೀವಿ ಹಳದಿ. ಬೋಲ್ಟು ಬಿಗಿಮಾಡುತ್ತೇನೆ ಎಂದು ಸ್ಪ್ಯಾನರ್ ಹಿಡಿದು ಹೊರಟ ಆಪರೇಟರಣ್ಣನನ್ನು ತಡೆದರು. ಬಿಗಿ ಮಾಡಿದರೆ ಮತ್ತೆ ಮೂರನೇ ದರ್ಜೆಗೆ ಇಳಿಯುತ್ತದೆ, ಹಿಂಬಡ್ತಿಗೆ ಕಾರಣ ಬರೆಯುವವರು ಯಾರು?

ಪಂಪ್‌ಹೌಸಿನಲ್ಲಿ ಇನ್ನೊಂದು ದಾಖಲೆ ಉಂಟು, ಮೇಜಿನ ಮೇಲಿನ ಲಾಗ್‌ಬುಕ್ಕು. ಷರಾ ಎಂಬ ಕಾಲಮ್ಮಿನಲ್ಲಿ ಆಪರೇಟರಣ್ಣ ನೀಲಿ ಪೆನ್ನಿನಲ್ಲಿ ಬರೆಯುತ್ತಾರೆ. ತಿರುವಿ ನೋಡಿದೆ. “ನಂ. 2 ಸದ್ದು ಉಂಟು.” ಒಂದು ವಾರ ಬಿಟ್ಟು, “ಸದ್ದು ಜಾಸ್ತಿ ಉಂಟು.” ಆಮೇಲೆ ಸತತ ಹನ್ನೊಂದು ದಿನ, “ಮೇಲಿನಂತೆ.” ಆಮೇಲೆ, “ಬಿಸಿ ಉಂಟು. ಹೇಳಿದ್ದೇನೆ.” ಕೊನೆಯದು ಒಂದು ಭಾನುವಾರ ಬೆಳಗ್ಗಿನ ಜಾವದ್ದು: “ಸದ್ದು ಇಲ್ಲ.”

ಸೋಮವಾರ ಟೀವಿಯಲ್ಲಿ ಪಂಪ್ ನಂಬರ್ 2 ಎಳೆ ಬಾಳೆಲೆಯಷ್ಟು ಹಸಿರಾಗಿತ್ತು. ಓದು 0.0. ವಲಯ ಎ. ಬೇರಿಂಗ್ ಕಚ್ಚಿಕೊಂಡು ಶಾಫ್ಟು ನಿಂತಿದೆ ಎಂದು ಸಾಫ್ಟ್‌ವೇರಿಗೆ ಹೇಳಿಕೊಟ್ಟವರಿಲ್ಲ. ತಿಂಗಳ ವರದಿ ತಾನಾಗಿಯೇ ತಯಾರಾಗುವ ವ್ಯವಸ್ಥೆ. 12.8ರಿಂದ 0.0ಗೆ ಇಳಿದ ಗ್ರಾಫಿನ ಕೆಳಗೆ “ಗಣನೀಯ ಸುಧಾರಣೆ” ಎಂದು ಬಂತು. ಅದನ್ನು ಯಾರೋ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಚುಚ್ಚಿದರು. ಪಕ್ಕದಲ್ಲೇ ಇನ್ನೊಂದು ಪ್ರಕಟಣೆ: ತಾಂತ್ರಿಕ ಕಾರಣದಿಂದ ಮುಂದಿನ ಸೂಚನೆಯವರೆಗೆ ದಿನ ಬಿಟ್ಟು ದಿನ ನೀರು. ಎರಡಕ್ಕೂ ಒಂದೇ ಸಹಿ.

ಇಷ್ಟಾದ ಮೇಲೆ ದುರಸ್ತಿಗೆ ಹೆಡ್ಡು ಸಿಕ್ಕಿತು. ಈಗ ಬೇರಿಂಗಿನ ಜೊತೆ ಶಾಫ್ಟೂ ಬೇಕು, ಮೋಟಾರೂ ಸುಟ್ಟಿದ್ದರಿಂದ ರೀವೈಂಡಿಂಗೂ ಆಗಬೇಕು. ಎಸ್ಟಿಮೇಟು ದೊಡ್ಡದಾದ್ದರಿಂದ ತುರ್ತು ಎಂಬ ಮುದ್ರೆ ಸುಲಭವಾಗಿ ಬಿತ್ತು. ಒಂದೇ ಒಂದು ಕೊರತೆ, ಎಸ್ಟಿಮೇಟಿನ ಜೊತೆ ಮೂವತ್ತು ದಿನದೊಳಗಿನ ವೈಬ್ರೇಶನ್ ವರದಿ ಲಗತ್ತಿಸಬೇಕು. ನನಗೆ ಫೋನು ಬಂತು.

“ಸರ್, ಪಂಪು ತಿರುಗುವುದಿಲ್ಲವಲ್ಲ” ಎಂದೆ.

“ತಿರುಗದಿದ್ದರೆ ಏನಾಯ್ತು, ನೀವು ಬಂದು ಮೀಟರ್ ಇಡಿ. ಕಾಲಮ್ ಖಾಲಿ ಬಿಡ್ಲಿಕ್ಕಾಗುವುದಿಲ್ಲ.”

ಹೋದೆ. ಆಪರೇಟರಣ್ಣ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು, ಸ್ಕ್ರೂಡ್ರೈವರ್ ಕಿಸೆಯಲ್ಲಿತ್ತು. ಸತ್ತ ಬೇರಿಂಗಿನ ಮೇಲೆ ಅಯಸ್ಕಾಂತ ಅಂಟಿಸಿದೆ. ಸೊನ್ನೆ ಬರುತ್ತದೆಂದು ಎಣಿಸಿದ್ದೆ, 0.04 ತೋರಿಸಿತು. ಪರದೆಯಲ್ಲಿ 13 ಹರ್ಟ್ಸಿನ ಆಸುಪಾಸು ಒಂದು ಸಣ್ಣ ಗೀಟು. ಅಂದರೆ ನಿಮಿಷಕ್ಕೆ 800 ಸುತ್ತಿನ ಹತ್ತಿರ. ಪಂಪ್‌ಹೌಸಿನೊಳಗೆ ಆ ವೇಗದಲ್ಲಿ ತಿರುಗುವುದು ಯಾವುದೂ ಇಲ್ಲ. ಸೆನ್ಸರ್ ಕಿತ್ತು ಮತ್ತೆ ಇಟ್ಟೆ. ಮತ್ತೆ ಅದೇ ಗೀಟು.

“ಹೊರಗೆ ನೋಡಿ” ಎಂದರು ಆಪರೇಟರಣ್ಣ, ಪೇಪರಿನಿಂದ ತಲೆ ಎತ್ತದೆ.

ಕಿಟಕಿಯ ಹೊರಗೆ, ಗೋಡೆಗೆ ಮುಟ್ಟಿದ ಹಾಗೆ, ನೀರಿನ ಟ್ಯಾಂಕರು ಎಂಜಿನ್ ಆರಿಸದೆ ನಿಂತಿತ್ತು. ಡ್ರೈವರ್ ಬೀಡಾ ತರಲಿಕ್ಕೆ ಹೋಗಿದ್ದ.

ವರದಿ ಬರೆದೆ. ಪಂಪ್ ನಂಬರ್ 2: 0.04, ವಲಯ ಎ, ಯಾವ ದರ್ಜೆಗೆ ಹಾಕಿದರೂ ಉತ್ತಮ. ಸಲಹೆ ಎಂಬ ಕಾಲಮ್ಮನ್ನೂ ಖಾಲಿ ಬಿಡುವ ಹಾಗಿರಲಿಲ್ಲ, ಅದಕ್ಕೆ ಇಷ್ಟು ಸೇರಿಸಿದೆ: ಟ್ಯಾಂಕರಿನ ಎಂಜಿನ್ ಮೌಂಟಿಂಗ್ ಒಮ್ಮೆ ನೋಡಿಸುವುದು.