ಯುಪಿಐ ಕಲಿತವರಿಗೆ ಪಾಲಿಕೆಯ ಆನ್‌ಲೈನ್ ಅರ್ಜಿ ಯಾಕೆ ಬೇಡ?

ಮುಂಬಯಿಯ ನಮ್ಮ ಕನ್ನಡದ ಜನಕ್ಕೆ ಡಿಜಿಟಲ್ ಅಂದರೆ ಹೆದರಿಕೆ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತ ಎಪ್ಪತ್ತರ ಹಿರಿಯರು ಬೆಳಗಿನಿಂದ ರಾತ್ರಿವರೆಗೂ ಯುಪಿಐನಲ್ಲೇ ದುಡ್ಡು ತಗೋತಾರೆ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯ ಹುಡುಗ ಫೋನಿನಲ್ಲೇ ಮನೆಗೆ ಹಣ ಹಾಕ್ತಾನೆ. ಇದೇ ಜನ ಜನನ ಪತ್ರವೋ ಲೈಸೆನ್ಸೋ ಅಂದ ಕೂಡಲೇ ಏಜೆಂಟನ್ನು ಹುಡುಕಿಕೊಂಡು ಹೋಗ್ತಾರೆ.

ಯಾಕೆಂದರೆ ಯುಪಿಐನಲ್ಲಿ ಕೆಲಸ ಅಲ್ಲೇ ಮುಗಿಯುತ್ತೆ. ಪಾಲಿಕೆಯ ಆಸ್ತಿ ತೆರಿಗೆ, ನೀರಿನ ಬಿಲ್ಲನ್ನೂ ಹಾಗೇ ಕಟ್ಟಬಹುದು, ರಸೀದಿ ಬಂದರೆ ಆಯ್ತು. ಆದರೆ ಹೆಸರು ತಿದ್ದುಪಡಿಗೆ ಆನ್‌ಲೈನ್ ಅರ್ಜಿ ಹಾಕಿದ ನನ್ನ ಪರಿಚಯದವರಿಗೆ ಕೆಲವು ದಿನದ ಮೇಲೆ ಬಂದ ಉತ್ತರ: ಮೂಲ ಪ್ರತಿ ತಗೊಂಡು ಆಫೀಸಿಗೆ ಬನ್ನಿ. ಹೇಗೂ ಅರ್ಧ ದಿನದ ಕೂಲಿ ಬಿಟ್ಟು ಹೋಗಲೇಬೇಕು ಅಂತಾದರೆ ಮೊದಲೇ ಕಿಟಕಿಯ ಮುಂದೆ ಹೋಗಿ ನಿಲ್ಲೋದು ಬುದ್ಧಿವಂತಿಕೆಯೇ.

ನಮ್ಮವರಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಯಾರೂ ಮಾತಾಡೋದಿಲ್ಲ. ಮಹಾರಾಷ್ಟ್ರದ ಫಾರಂಗಳಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು ಬರೆಯೋ ರೂಢಿ. ನಮ್ಮ ದಕ್ಷಿಣದ ಕಡೆ ಅನೇಕರಿಗೆ ಅಡ್ಡಹೆಸರೇ ಇಲ್ಲ, ಇನಿಶಿಯಲ್ ಮಾತ್ರ. ಒಬ್ಬರದೇ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ. ಕಿಟಕಿಯಲ್ಲಿದ್ದ ಗುಮಾಸ್ತರಿಗಾದರೆ ವಿವರಿಸಿ ಹೇಳಬಹುದು, ಆನ್‌ಲೈನ್ ಫಾರಂನ ಖಾಲಿ ಬಿಡಲಾಗದ ಚೌಕಕ್ಕೆ ಏನಂತ ಹೇಳೋದು?

ಅದರ ಮೇಲೆ ಬಾಣಂತನ. ಹೆರಿಗೆಗೆ ತವರಿಗೆ ಹೋಗೋದು ನಮ್ಮ ಪದ್ಧತಿ. ಜನನ ನೋಂದಣಿಯಾಗೋದು ಮಗು ಹುಟ್ಟಿದ ಊರಲ್ಲಿ. ಹೀಗಾಗಿ ಮುಂಬಯಿಯ ಭಾಂಡೂಪ್‌ನಲ್ಲಿ ಬೆಳೆಯೋ ಮಗುವಿನ ದಾಖಲೆ ಕರ್ನಾಟಕದ ಇ-ಜನ್ಮ ಅನ್ನೋ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿರುತ್ತೆ. ತಪ್ಪಿದ್ದರೆ ತಿದ್ದಿಸಬೇಕಾದದ್ದೂ ಅಲ್ಲೇ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ-ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪತ್ರವೇ ಪ್ರಮಾಣ. ಈಗಿನ ಒಂದು ಅಕ್ಷರದ ತಪ್ಪು ಆ ಮಗುವನ್ನು ಹದಿನೆಂಟು ವರ್ಷ ಕಾಡಬಹುದು.

ಹೆಂಗಸರ ಪಾಡು ಬೇರೆಯೇ. ಓಟಿಪಿ ಬರೋದು ಗಂಡನ ಫೋನಿಗೆ, ಗಂಡ ಹೋಟೆಲ್ ಡ್ಯೂಟಿಯಲ್ಲಿ. ಅಷ್ಟೇ ಸಾಕು ಅರ್ಜಿ ಅರ್ಧಕ್ಕೆ ನಿಲ್ಲೋಕೆ.

ಮೊದಲು ಇಂಥ ಕಷ್ಟಕ್ಕೆ ನಗರಸೇವಕರ (ಕಾರ್ಪೊರೇಟರ್) ಕಚೇರಿ ಇತ್ತು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ 2026ರ ಜನವರಿವರೆಗೆ ಚುನಾವಣೆಯೇ ಆಗಲಿಲ್ಲ. ಅದೇ ವರ್ಷ ಪಾಲಿಕೆ ವಾಟ್ಸಾಪ್ ಸೇವೆ ಶುರು ಮಾಡಿತ್ತು. ಒಳ್ಳೆಯ ಕೆಲಸವೇ. ಆದರೆ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿ ಬೆನ್ನು ಹತ್ತೋಕೆ ಮನುಷ್ಯ ಬೇಕು.

ಕಾನೂನು ಏನೋ ಇದೆ. ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯ್ದೆಯಡಿ ಗೊತ್ತುಪಡಿಸಿದ ಗಡುವಿನೊಳಗೆ ಸೇವೆ ಕೊಡದಿದ್ದರೆ ಮೇಲ್ಮನವಿ ಹಾಕಬಹುದು, ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡವೂ ಬೀಳಬಹುದು. ನಮ್ಮ ಚಾಳುಗಳಲ್ಲಿ (ಸಾಲುಮನೆಗಳಲ್ಲಿ) ಎಷ್ಟು ಮಂದಿಗೆ ಇದು ಗೊತ್ತು?

ಮರಾಠಿ ಮೊದಲಿರಲಿ, ಅದು ಈ ನೆಲದ ಹಕ್ಕು. ಆದರೆ ದಶಕಗಳಿಂದ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದ ಪಾಲಿಕೆಗೆ ಯಾವ ಅರ್ಜಿಗೆ ಯಾವ ಕಾಗದ ಬೇಕು ಅನ್ನೋ ಒಂದು ಪುಟವನ್ನು ಕನ್ನಡದಲ್ಲಿ ಹಾಕೋದು ದೊಡ್ಡ ಮಾತಲ್ಲ. ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಸಂಘಗಳಿಗೆ ಸಭಾಂಗಣ ಇದೆ, ಕಂಪ್ಯೂಟರ್ ಬಲ್ಲ ಮಕ್ಕಳಿದ್ದಾರೆ. ಪ್ರತಿ ಭಾನುವಾರ ಒಂದು ಮೇಜು ಹಾಕಿ ಕೂತು ಅರ್ಜಿ ತುಂಬಿಕೊಡೋಣ, ಗಡುವು ಮೀರಿದ್ದಕ್ಕೆ ಮೇಲ್ಮನವಿಯನ್ನೂ ಬರೆದುಕೊಡೋಣ. ಬರೋರು ಕಮೆಂಟಿನಲ್ಲಿ ನಿಮ್ಮ ಏರಿಯಾ ಹೇಳಿ.