ಡೈನಮೈಟ್ ಯುದ್ಧಕ್ಕಷ್ಟೇ ಹುಟ್ಟಿದ್ದಲ್ಲ

ಡೈನಮೈಟ್ ಕಂಡುಹಿಡಿದ ಪಾಪಪ್ರಜ್ಞೆಯೇ ಆಲ್‌ಫ್ರೆಡ್ ನೊಬೆಲ್ ಅವರಿಂದ ನೊಬೆಲ್ ಬಹುಮಾನಗಳ ಉಯಿಲು ಬರೆಸಿತು ಎಂದು ಅವರ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. 1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಅವರು ಸಹಿ ಹಾಕಿದ ಆ ಉಯಿಲಿನಲ್ಲಿ ಪಶ್ಚಾತ್ತಾಪದ ಒಂದು ಸಾಲೂ ಇಲ್ಲ. ಮನುಕುಲಕ್ಕೆ ಅತಿ ಹೆಚ್ಚು ಉಪಕಾರ ಮಾಡಿದವರಿಗೆ, ಅವರು ಯಾವ ದೇಶದವರೆಂದು ನೋಡದೆ, ಆಸ್ತಿಯ ಬಡ್ಡಿಯನ್ನು ಹಂಚಬೇಕೆಂಬ ಸ್ಪಷ್ಟ ಸೂಚನೆಯಿದೆ. 1930ರಲ್ಲಿ ಸಿ.ವಿ. ರಾಮನ್ ಅವರಿಗೆ ಭೌತವಿಜ್ಞಾನದ ಬಹುಮಾನ ಸಂದದ್ದು ಈ ಉದಾರ ನಿಯಮದ ಫಲ.

1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಮುಖ್ಯವಾಗಿ ಬಳಕೆಯಾದದ್ದು ಗಣಿ, ಸುರಂಗ ಮತ್ತು ಕಾಲುವೆಗಳಲ್ಲಿ. ತಪ್ಪಿತಸ್ಥ ಭಾವನೆಯನ್ನು ಹುಡುಕಲೇಬೇಕಿದ್ದರೆ ಲೇಖಕರು ಸೈನ್ಯಗಳಿಗೆಂದೇ ತಯಾರಾದ ಬ್ಯಾಲಿಸ್ಟೈಟ್ ಎಂಬ ಹೊಗೆರಹಿತ ಮದ್ದನ್ನಾಗಲಿ, 1894ರಲ್ಲಿ ನೊಬೆಲ್ ಕೊಂಡುಕೊಂಡ ಬೋಫೋರ್ಸ್ ಶಸ್ತ್ರಾಸ್ತ್ರ ಕಾರ್ಖಾನೆಯನ್ನಾಗಲಿ ಚರ್ಚಿಸಬೇಕಿತ್ತು.

ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಬೆಳೆದ ನನಗೆ ಈ ದಾನದ ಇನ್ನೊಂದು ಮುಖವೂ ಕಾಣುತ್ತದೆ. ಬಂಡೆಯಲ್ಲಿ ಕೊರೆದ ರಂಧ್ರಕ್ಕೆ ಮದ್ದಿನ ಕಡ್ಡಿ ತುರುಕಿ, ಜೇಡಿಮಣ್ಣಿನಿಂದ ಬಾಯಿ ಬಿಗಿಯುತ್ತಿದ್ದ ನನ್ನ ತಂದೆ, ಮದ್ದಿನಲ್ಲಿರುವ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ರಾಸಾಯನಿಕ ಸೋಕಿದ ಕೈಗಳಿಂದಾಗಿ ಸಂಜೆ ತಲೆ ಸಿಡಿಯುತ್ತಿದೆ ಎಂದು ಕಣ್ಣುಮುಚ್ಚಿ ಮಲಗುತ್ತಿದ್ದರು. ಗಣಿಯ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿದವರು ನಮ್ಮ ಸಾಲುಮನೆಗಳಲ್ಲೂ ಇದ್ದರು. ನೊಬೆಲ್ ಅವರ ಸಂಪತ್ತು ಬೆಳೆದದ್ದು ಇಂಥ ಶ್ರಮದಿಂದಲೂ ಹೌದು. ಆದರೆ ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯಕೀಯ, ಸಾಹಿತ್ಯ, ಶಾಂತಿ ಎಂಬ ಐದು ಬಹುಮಾನಗಳಲ್ಲಿ ಮದ್ದನ್ನು ಕೈಯಾರೆ ಬಳಸಿದವರಿಗೆಂದು ಏನೂ ಮೀಸಲಾಗಲಿಲ್ಲ. ನೊಬೆಲ್ ಅವರ ಔದಾರ್ಯವನ್ನು ಮನಸಾರೆ ಗೌರವಿಸುವ ನಾನು ಲೇಖನದಲ್ಲಿ ನಿರೀಕ್ಷಿಸಿದ್ದು ಈ ಕೊರತೆಯ ಪ್ರಸ್ತಾಪವನ್ನು.